ನೊಣ ಕಟ್ಟುವವಳು

ಹೋದ ವಾರ ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳು ಸೀರೆಯ ಚೀಲವನ್ನು ಮೈಗೆ ತಾಗದಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಮುಖ ನೋಡಿದರೆ ಜಗಳಕ್ಕೇ ಬಂದಿದ್ದಾಳೆ ಎಂದು ಗೊತ್ತಾಗುತ್ತಿತ್ತು.

“ಅಕ್ಕಾ, ನೀವು ಕಟ್ಟಿರೋ ಕುಚ್ಚಿನಾಗೆ ಹುಳ ಐತೆ” ಎಂದಳು.

ನಾನು ಚಳ್ಳಕೆರೆಯಲ್ಲಿ ಸೀರೆಗೆ ಕುಚ್ಚು ಕಟ್ಟುವವಳು. ಸೆರಗಿನ ತುದಿಗೆ ರೇಷ್ಮೆ ದಾರದ ಗೊಂಚಲು ಬಿಗಿದು, ಮಣಿ ಪೋಣಿಸಿ, ಗಂಟು ಹಾಕಿ ಕೊಡುವುದು ನನ್ನ ಕಸುಬು. ಕುಚ್ಚಿನಲ್ಲಿ ಹುಳವಿದೆ ಎಂದು ನನಗೆ ಹೇಳುವುದೂ ಸಾಂಬಾರಿನಲ್ಲಿ ಜಿರಲೆ ಇದೆ ಎಂದು ಹೋಟೆಲಿನವನಿಗೆ ಹೇಳುವುದೂ ಒಂದೇ. ಗಾಬರಿಯಿಂದ ಸೀರೆ ಬಿಡಿಸಿದೆ. ಹುಳ ಇತ್ತು. ಎರಡು ಕುಚ್ಚಿನ ನಡುವೆ ಬೂದು ರೆಕ್ಕೆ ಎತ್ತಿಕೊಂಡು, ಬಾಲದ ಕೂದಲು ಚಾಚಿಕೊಂಡು, ಈಗಲೋ ಆಗಲೋ ಹಾರಿಹೋಗುವ ಹಾಗೆ ಕೂತಿತ್ತು. ನೋಡಿದ ಕೂಡಲೇ ನನಗೆ ಗಾಬರಿ ಹೋಗಿ ಹೆಮ್ಮೆ ಬಂತು. ಅದು ನಾನೇ ಕಟ್ಟಿದ ಹುಳ. ಮಂಚದ ಮೇಲೆ ಅದೂ ಇದೂ ಒಟ್ಟಿಗೆ ಹರವಿಕೊಂಡು ಕೂರುವ ನನ್ನ ಅಭ್ಯಾಸದಿಂದ ಸೀರೆಗೆ ಸಿಕ್ಕಿಕೊಂಡು ಹೋಗಿತ್ತು. ಮೆಲ್ಲಗೆ ಬಿಡಿಸಿ, ಹೊಟ್ಟೆಯ ಕೆಳಗಿದ್ದ ಸಣ್ಣ ಗಾಳದ ಮುಳ್ಳನ್ನು ಅವಳಿಗೆ ತೋರಿಸಿದೆ.

“ಹೆದ್ರಬೇಡವ್ವ, ಜೀವ ಇರೋ ಹುಳ ಅಲ್ಲ. ದಾರದಾಗೆ ನಾನೇ ಕಟ್ಟಿದ್ದು.”

“ಹುಳಾನೂ ಕಟ್ತೀರಾ?”

“ಕಟ್ತೀನಿ.”

“ಯಾರಿಗೆ?”

“ಮೀನಿಗೆ.”

ಅವಳು ನನ್ನನ್ನೊಮ್ಮೆ, ನನ್ನ ಹಿಂದಿನ ಗೋಡೆಯನ್ನೊಮ್ಮೆ ನೋಡಿ, ಸೀರೆಯನ್ನು ಮಡಚಿಕೊಂಡು ಹೊರಟಳು. ಬೀದಿಯಲ್ಲಿ ಏನು ಹೇಳಿಕೊಂಡು ಹೋದಳೋ ಗೊತ್ತಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಅವಳಿಗೆ ವಿವರಿಸಲು ಪುರುಸೊತ್ತು ಸಿಗಲಿಲ್ಲ. ನಿಮಗಾದರೂ ಸರಿಯಾಗಿ ಹೇಳಬೇಕು.

ತಂಪು ದೇಶದ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ಇದೆಯಂತೆ. ನಾನು ಕಂಡಿಲ್ಲ. ಅದಕ್ಕೆ ಎರೆಹುಳ, ಹಿಟ್ಟಿನುಂಡೆ ಬೇಡ. ನೀರಿನಿಂದ ಎದ್ದು ರೆಕ್ಕೆ ಬಿಚ್ಚುವ ಹುಳಗಳೇ ಅದರ ಊಟ. ಆ ಹುಳಗಳಾದರೋ ಒಂದೊಂದು ಕಾಲಕ್ಕೆ ಒಂದೊಂದು ಜಾತಿ ಏಳುತ್ತವೆ. ಆದ್ದರಿಂದ ಗಾಳ ಹಾಕುವವನು ಯಾವ ಹುಳ ಎದ್ದಿದೆ ಎಂದು ನೋಡಿಕೊಂಡು, ಅದೇ ಗಾತ್ರದಲ್ಲಿ, ಅದೇ ಬಣ್ಣದಲ್ಲಿ ಪುಕ್ಕವನ್ನೂ ದಾರವನ್ನೂ ಮುಳ್ಳಿಗೆ ಸುತ್ತಿ ನಕಲಿ ಹುಳ ಮಾಡಬೇಕು. ಬೇರೆ ಹುಳ ತೇಲಿಬಿಟ್ಟರೆ ಮೀನು ತಿರುಗಿಯೂ ನೋಡುವುದಿಲ್ಲ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವಾಗ ನೀವು ಉಪ್ಪಿಟ್ಟಿನ ಪಾತ್ರೆ ಹಿಡಿದುಕೊಂಡು ಸಾಲಿನಲ್ಲಿ ಹೋದರೆ ಯಾರು ಎಲೆ ಮುಂದೆ ಮಾಡುತ್ತಾರೆ? ಹಾಗೆ.

ಮಳೆಗೇ ಕೈಮುಗಿದು ಕೂರುವ ನಮ್ಮ ಸೀಮೆಗೆ ಈ ಶೋಕಿ ಬಂದದ್ದು ಕುದಾಪುರದ ದಾರಿಯಿಂದ. ಅಲ್ಲಿಯ ಹುಲ್ಲುಗಾವಲಿನಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಕಟ್ಟಡಗಳು ಎದ್ದಮೇಲೆ ದೇಶದ ಎಲ್ಲೆಲ್ಲಿಯವರೋ ಬಂದು ಸೇರಿದರು. ಹಾಗೆ ಬಂದ ಹಿಮಾಚಲದ ಸಾಹೇಬರೊಬ್ಬರು ತಮ್ಮ ಜೀಪನ್ನು ರಿಪೇರಿಗೆ ಬಿಡುತ್ತಿದ್ದದ್ದು ಬಳ್ಳಾರಿ ರಸ್ತೆಯ ಬಾಷಾ ಭಾಯಿಯ ಗ್ಯಾರೇಜಿನಲ್ಲಿ. ಜೀಪಿನ ಹಿಂಬದಿಯಲ್ಲಿ ಸದಾ ಒಂದು ಗಾಳದ ಕಡ್ಡಿ ಇರುತ್ತಿತ್ತು. ಬಾಷಾ ಯಾವ ವಸ್ತುವನ್ನೂ ಬಿಚ್ಚಿ ನೋಡದೆ ಬಿಡುವವನಲ್ಲ. ಇದೇನು, ಅದೇನು ಎಂದು ಕೇಳಿ ಕೇಳಿ ಕಡೆಗೆ ಸಾಹೇಬರಿಂದ ಕಡ್ಡಿ ಬೀಸುವುದನ್ನೂ ಕಲಿತ. ಅವರಿಗೆ ವರ್ಗವಾದಾಗ, ಇಷ್ಟು ದಿನ ಇದರ ಬಗ್ಗೆ ಕೇಳಿದವನು ನೀನೊಬ್ಬನೇ ಎಂದು ಕಡ್ಡಿಯನ್ನೂ ನಕಲಿ ಹುಳಗಳ ಡಬ್ಬಿಯನ್ನೂ ಅವನಿಗೇ ಕೊಟ್ಟು ಹೋದರು. ಆ ಹುಳಗಳನ್ನು ನೊಣ ಎಂದು ಕರೆದವನು ಬಾಷಾ. ಡಬ್ಬಿಯಲ್ಲಿದ್ದ ಯಾವುದೂ ನೊಣದ ಹಾಗಿರಲಿಲ್ಲ. ಆದರೂ ನಮ್ಮಲ್ಲಿ ಆ ಹೆಸರೇ ನಿಂತಿತು.

ಬಾಷಾ ಆ ಡಬ್ಬಿಯನ್ನು ಸೀದಾ ನಮ್ಮ ಮನೆಗೆ ತಂದ. ಅದಕ್ಕೆ ಕಾರಣ ನಮ್ಮ ಯಜಮಾನರು.

ಅವರು ತಳಕಿನವರು. ಚಳ್ಳಕೆರೆ–ಮೊಳಕಾಲ್ಮುರು ರೂಟಿನಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದರು. ದಾರಿಯಲ್ಲಿ ಸೆರಗು ಹೊದ್ದ ಒಂದು ತಲೆ ಕಂಡರೆ, ಇದು ಇಂಥ ಊರಿನ ಇಂಥವರ ಮನೆಯ ಮುದುಕಿ, ಇವತ್ತು ಆಸ್ಪತ್ರೆಗೆ ಹೊರಟಿದ್ದಾಳೆ ಎಂದು ದೂರದಿಂದಲೇ ಹೇಳಿ ಬ್ರೇಕು ಒತ್ತುತ್ತಿದ್ದರು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ನಮ್ಮ ತವರು ಮನೆಯ ಜಗಲಿಯ ಮೇಲೆ ನಿಂತಿದ್ದ ನನ್ನನ್ನೂ ಬಸ್ಸಿನ ಗಾಜಿನಿಂದಲೇ ನೋಡಿ ಮೆಚ್ಚಿದವರು. ಅಂಥವರಿಗೆ ಸಕ್ಕರೆ ಕಾಯಿಲೆ ಬಂತು. ಬಂದದ್ದು ಕಣ್ಣಿಗೆ ಇಳಿಯಿತು. ದಾವಣಗೆರೆಯಲ್ಲಿ ತೋರಿಸಿದೆವು. ಇರುವಷ್ಟನ್ನು ಉಳಿಸಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ನೋಟದ ನಟ್ಟನಡುವೆ ಸದಾ ಮಂಜು. ಸುತ್ತಲಿನದು ಅಷ್ಟಿಷ್ಟು. ಬಸ್ಸಿನ ಕೆಲಸ ಅಲ್ಲಿಗೆ ನಿಂತಿತು.

ಕೆಲಸ ನಿಂತದ್ದನ್ನು ಅವರು ಸಹಿಸಿಕೊಂಡರು. ಸಹಿಸಲಾಗದ್ದು ಬೇರೆ. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಪ್ರಯಾಣಿಕರೊಬ್ಬರು ಎದುರು ನಿಂತು ನಕ್ಕರಂತೆ. ಇವರಿಗೆ ಮುಖ ಕಾಣಲಿಲ್ಲ, ಸುಮ್ಮನೆ ಮುಂದೆ ಹೋದರು. “ಡ್ರೈವರಣ್ಣ ಈಗ ದೊಡ್ಡ ಮನುಷ್ಯ ಆಗ್ಬಿಟ್ಟಾನೆ” ಎಂದು ಬೆನ್ನ ಹಿಂದೆ ಆಡಿಕೊಂಡದ್ದು ಮಾತ್ರ ಕಿವಿಗೆ ಬಿತ್ತು. ಅವತ್ತು ಮನೆಯೊಳಗೆ ಬಂದವರು ಹೊರಗೆ ಹೋಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗುವುದು, ಎಬ್ಬಿಸಿದರೆ ಊಟ, ಕೊಟ್ಟರೆ ಮಾತ್ರೆ. ಕೊಡುವುದನ್ನು ನಾನು ಮರೆತರೆ ಅವರು ಕೇಳುತ್ತಿರಲಿಲ್ಲ. ನನಗೆ ಭಯವಾಗುತ್ತಿತ್ತು. ಕಣ್ಣಿನ ಭಯವಲ್ಲ. ಮನುಷ್ಯ ಬದುಕುವ ಆಸೆಯನ್ನು ಹೀಗೆ ಸದ್ದಿಲ್ಲದೆ ಕೈಬಿಡುತ್ತಾನಲ್ಲ, ಆ ಭಯ. ದಿನವೆಲ್ಲ ಪಕ್ಕದಲ್ಲಿ ಕೂತು ಕುಚ್ಚು ಕಟ್ಟುತ್ತಿದ್ದರೂ ಅವರನ್ನು ಹೇಗೆ ಎಬ್ಬಿಸಬೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಬಾಷಾಗೆ ತಿಳಿಯಿತು. ಅವನು ಸಮಾಧಾನ ಹೇಳಲಿಲ್ಲ. ಮಂಚದ ತುದಿಯಲ್ಲಿ ಕೂತು, “ಅಣ್ಣ, ಈ ಕಡ್ಡಿ ಬೀಸೋದು ನನಗೆ ಒಗ್ತಾ ಇಲ್ಲ. ಸ್ಟೇರಿಂಗ್ ಹಿಡಿದ ಕೈ ನಿಮ್ದು, ಒಂದು ಸಲ ಹಿಡಿದು ನೋಡ್ರಿ” ಎಂದ. ಅದು ಶುದ್ಧ ಸುಳ್ಳು. ಅವನು ಗ್ಯಾರೇಜಿನ ಹಿಂದೆ ಕಡ್ಡಿ ಬೀಸಿದರೆ ದಾರ ಎಷ್ಟು ಸಲೀಸಾಗಿ ಹೋಗಿ ಬೀಳುತ್ತಿತ್ತು ಎಂಬುದನ್ನು ನಾನು ಆಮೇಲೆ ನೋಡಿದ್ದೇನೆ. ಆ ಸುಳ್ಳಿಗೆ ನಾನು ಇವತ್ತಿಗೂ ಋಣಿ.

ಮಾರನೆಯ ಭಾನುವಾರ ಇಬ್ಬರೂ ವೇದಾವತಿಯ ಬ್ಯಾರೇಜಿಗೆ ಹೋದರು. ಈಚಿನ ಕೆಲವು ವರ್ಷ ಒಳ್ಳೆಯ ಮಳೆಯಾಗಿ, ಮರಳಷ್ಟೇ ಹರಿಯುತ್ತಿದ್ದ ಹೊಳೆಯಲ್ಲಿ ನೀರು ನಿಂತಿತ್ತು. ನೀರಿನ ಜೊತೆ ಗೆಂಡೆ ಮೀನೂ ಬಂದಿತ್ತು. ಡಬ್ಬಿಯ ಒಂದೊಂದು ಖಾನೆಯ ಮೇಲೂ ಸಾಹೇಬರು ಇಂಗ್ಲಿಷ್ ತಿಂಗಳ ಹೆಸರು ಬರೆದಿದ್ದರು. ಆ ತಿಂಗಳ ನೊಣವನ್ನೇ ಕಟ್ಟಿ ಎಸೆದರೂ ಒಂದು ಮೀನೂ ಮೂಸಲಿಲ್ಲ. ಮೂಸುವುದಾದರೂ ಹೇಗೆ? ಹಿಮ ಕರಗುವ ಹೊಳೆಯ ಪಂಚಾಂಗವನ್ನು ತಂದು ನಮ್ಮ ವೇದಾವತಿಗೆ ಹಿಡಿದರೆ?

ಆದರೆ ಅವತ್ತು ಮನೆಗೆ ಬಂದ ಯಜಮಾನರು ಗೋಡೆಗೆ ತಿರುಗಲಿಲ್ಲ. “ಅಲ್ಲೇನೋ ಹುಳ ಏಳ್ತಾವೆ ಕಣೇ, ಮುಖಕ್ಕೆ ಬಡೀತಾವೆ. ನಿನ್ನ ಕೈಲಿ ಅಂಥದ್ದು ಕಟ್ಟೋಕಾಗುತ್ತಾ?” ಎಂದು ಕೇಳಿದರು. ಎಷ್ಟೋ ತಿಂಗಳ ಮೇಲೆ ಅವರು ನನ್ನನ್ನು ಏನನ್ನೋ ಕೇಳಿದ್ದು ಅದೇ ಮೊದಲು. ಆನೆ ಕಟ್ಟು ಎಂದಿದ್ದರೂ ಆಗಲಿ ಎನ್ನುತ್ತಿದ್ದೆ.

ನನಗೆ ಹುಳ ಹೊಸದೇನಲ್ಲ. ಮೊಳಕಾಲ್ಮುರಿನಲ್ಲಿ ನಾವು ಮಕ್ಕಳಾಗಿದ್ದಾಗ ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಗೆದ್ದಲಿಗೆ ರೆಕ್ಕೆ ಬಂದು ಹುತ್ತದಿಂದ ಏಳುತ್ತಿದ್ದವು. ನಮ್ಮ ಮನೆಮಾತು ತೆಲುಗು, ಅದರಲ್ಲಿ ಅವಕ್ಕೆ ಉಸಿಳ್ಳು ಎನ್ನುತ್ತೇವೆ. ಬೀದಿಗೆ ಬೀದಿಯೇ ಮೊರ, ಬಕೆಟ್ಟು ಹಿಡಿದು ಹೊರಗೆ ಬರುತ್ತಿತ್ತು. ಅಮ್ಮ ಅವನ್ನು ಹುರಿದು, ರೆಕ್ಕೆ ಕೇರಿ, ಮಂಡಕ್ಕಿಗೆ ಬೆರೆಸಿ, ಉಪ್ಪು ಖಾರ ಹಾಕಿ ಕೊಡುತ್ತಿದ್ದಳು. ಈ ಮಾತನ್ನು ನಾನು ಚಳ್ಳಕೆರೆಯ ನೆರೆಹೊರೆಯವರ ಮುಂದೆ ಆಡಿದವಳಲ್ಲ. ನೀವು ದೂರದಲ್ಲಿದ್ದೀರಿ ಎಂದು ಧೈರ್ಯವಾಗಿ ಹೇಳುತ್ತಿದ್ದೇನೆ. ಅದರ ರುಚಿ ಬಲ್ಲವಳಾದ್ದರಿಂದ ಮೀನುಗಳ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಸಹಾನುಭೂತಿ.

ಬಾಷಾ ಬ್ಯಾರೇಜಿನಿಂದ ಬೆಂಕಿಪೊಟ್ಟಣದಲ್ಲಿ ಹುಳ ಹಿಡಿದು ತರತೊಡಗಿದ. ಸಾಹೇಬರ ತಿಂಗಳುಗಳನ್ನು ಬಿಟ್ಟು ನಾವು ನಮ್ಮ ಮಳೆಗಳ ಹೆಸರಿನಲ್ಲೇ ಹುಳಗಳನ್ನು ಗುರುತು ಮಾಡಿದೆವು. ರೋಹಿಣಿ ಮಳೆಗೆ ಉಸಿಳ್ಳು. ಹಸ್ತ, ಚಿತ್ತೆ ಮಳೆಗಳ ನಡುವೆ ಬೂದು ರೆಕ್ಕೆಯ, ಬಾಲದಲ್ಲಿ ಕೂದಲಿರುವ ನವಿರಾದ ಹುಳ. ನೀರಿನಿಂದ ಎದ್ದಮೇಲೆ ಅದು ಬದುಕುವುದು ಒಂದೆರಡು ದಿನವಂತೆ. ಅಷ್ಟರಲ್ಲೇ ಮದುವೆ, ಮೊಟ್ಟೆ, ಸಾವು ಎಲ್ಲ ಆಗಬೇಕು. ಊಟ ಮಾಡಲು ಬಾಯಿಯೂ ನೆಟ್ಟಗಿಲ್ಲವಂತೆ. ಬೆಳಗೆದ್ದು ಏನು ಸಾರು ಮಾಡಲಿ ಎಂದು ಯೋಚಿಸಬೇಕಾಗಿಲ್ಲದ ಸಂಸಾರ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಚಳಿ ಶುರುವಾದಮೇಲೆ ಏಳುವುದು ಇನ್ನೊಂದು. ಮನೆಯ ಮಾಡಿನ ಹಾಗೆ ರೆಕ್ಕೆಯನ್ನು ಬೆನ್ನ ಮೇಲೆ ಇಳಿಬಿಟ್ಟು ಕೂರುವ ಕಂದು ಹುಳ.

ಈ ಕಂದು ಹುಳದ ಮರಿಯನ್ನು ಒಂದು ದಿನ ಬಾಷಾ ಕಲ್ಲಿನ ಸಮೇತ ತಂದ. ಕಲ್ಲಿಗೆ ಮರಳಿನ ಕಣಗಳಿಂದ ಮಾಡಿದ ಸಣ್ಣ ಕೊಳವೆ ಅಂಟಿತ್ತು. ಯಜಮಾನರು ಬೆರಳಾಡಿಸಿ, “ಇದೇನೇ ಇದು, ಮಣಿ ಪೋಣಿಸಿದಂಗೈತೆ” ಎಂದರು.

“ಒಳಗೆ ಹುಳ ಐತೆ ಅಣ್ಣ. ಬಾಯಿಂದ ರೇಷ್ಮೆ ಬಿಟ್ಟು ಮರಳು ಅಂಟಿಸ್ಕೊಂಡು ಮನೆ ಕಟ್ಕೊಳ್ತೈತೆ ಅಂತ ಸಾಹೇಬ್ರು ಹೇಳ್ತಿದ್ರು. ನೀರಿನೊಳಗೇ ರೇಷ್ಮೆ, ಅಲ್ಲಾ ಕಸಂ!” ಎಂದ ಬಾಷಾ.

“ಹಂಗಾದ್ರೆ ಇದು ನಿನ್ನ ತವರು ಮನೆ ಕಡೆಯೋರು” ಎಂದು ಯಜಮಾನರು ನನ್ನನ್ನು ರೇಗಿಸಿದರು. ಅವರು ರೇಗಿಸಿದ್ದು ಕೇಳಿ ನನಗೆ ಕಿವಿ ತಂಪಾಯಿತು. ಕಲ್ಲನ್ನು ವಾಪಸು ನೀರಿಗೇ ಹಾಕಿ ಬರುವಂತೆ ಬಾಷಾಗೆ ಹೇಳಿದೆ. ನೇಕಾರರ ಮನೆ ಒಡೆದ ಪಾಪ ನಮಗೇಕೆ?

ಇನ್ನು ನನ್ನ ಕೈಚಳಕದ ಕಥೆ. ಬೂದು ರೆಕ್ಕೆಯ ಹುಳಕ್ಕೆ ಮೈಬಣ್ಣದ ರೇಷ್ಮೆ ಬೇಕಾಗಿತ್ತು. ಸೀರೆಗೆ ರವಿಕೆ ಬಟ್ಟೆ ಹುಡುಕಿ ಅಭ್ಯಾಸವಿದ್ದ ನಾನು ಸತ್ತ ಹುಳವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಮ್ಯಾಚಿಂಗ್ ಸೆಂಟರಿಗೆ ಹೋಗಿ, ಇದಕ್ಕೆ ಮ್ಯಾಚಿಂಗ್ ದಾರ ಕೊಡಪ್ಪ ಎಂದೆ. ಅಂಗಡಿಯವನು ಒಳ್ಳೆಯವನು, ಹಳೆಯ ಗಿರಾಕಿ ಎಂದು ನಗು ತಡೆದುಕೊಂಡು ಹುಳವನ್ನು ಬೆಳಕಿಗೆ ಹಿಡಿದು, “ಈರುಳ್ಳಿ ಸಿಪ್ಪೆ ಕಲರ್ ಆಗ್ತೈತೆ ನೋಡಿ ಅಕ್ಕ” ಎಂದ. ಈರುಳ್ಳಿ ಸಿಪ್ಪೆಯ ದಾರ ತಂದೆ. ಕೋಳಿ ಅಂಗಡಿಯಿಂದ ನಾಟಿ ಹುಂಜದ ಕತ್ತಿನ ಪುಕ್ಕ ತಂದೆ. ಕೂತು ಕಟ್ಟಿದೆ.

ಆದರೆ ಬರೀ ಈರುಳ್ಳಿ ಸಿಪ್ಪೆ ಬಣ್ಣ ಬಿಟ್ಟರೆ ಮೈ ಬೋಳುಬೋಳು ಎನಿಸಿತು. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಅಂಚಿಲ್ಲದ ಒಡಲು ಕಣ್ಣಿಗೆ ಹಿಡಿಸುವುದೇ ಇಲ್ಲ. ಕತ್ತಿನ ಬಳಿ ನವಿಲುಬಣ್ಣದ ಒಂದು ಸುತ್ತು ಕೊಟ್ಟೆ. ಅದಕ್ಕೆ ಎದ್ದು ಕಾಣಲಿ ಎಂದು ಸೊಂಟಕ್ಕೆ ಜರಿ ಸುತ್ತಿದೆ. ಬಾಲಕ್ಕೆ ಸಣ್ಣದೊಂದು ಕುಚ್ಚು, ಕೈ ಸುಮ್ಮನಿರಬೇಕಲ್ಲ. ತೇಲಲಿ ಎಂದು ಕಡಲೆಕಾಯಿ ಎಣ್ಣೆ ಸವರಿದೆ. ಎಣ್ಣೆ ಮಿಲ್ಲುಗಳ ಊರಿನಲ್ಲಿ ಎಣ್ಣೆಗೇನು ಬರ? ಮೂಸಿ ನೋಡಿದ ಯಜಮಾನರು, “ಒಗ್ಗರಣೇನೂ ಹಾಕಿದೀಯೇನೇ?” ಎಂದರು. ಬಾಷಾ ಮಾತ್ರ ಅಂಗೈಯಲ್ಲಿಟ್ಟುಕೊಂಡು, “ಭಾಭಿ, ಇದನ್ನ ನೀರಿಗೆ ಹಾಕೋಕೆ ಮನಸ್ಸು ಬರಲ್ಲ” ಎಂದ.

ಮೀನಿಗೂ ಬಾಯಿ ಹಾಕಲು ಮನಸ್ಸು ಬರಲಿಲ್ಲ. ಒಂದಾದಮೇಲೊಂದು ಭಾನುವಾರ ಇಬ್ಬರೂ ಬರಿಗೈಯಲ್ಲಿ ಬಂದರು. ನಾನು ಸೋಲೊಪ್ಪದೆ ಜರಿ ಹೆಚ್ಚು ಮಾಡಿದೆ. ಯಜಮಾನರು ಮತ್ತೆ ಮಾತು ಕಡಿಮೆ ಮಾಡತೊಡಗಿದ್ದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬೆಂಕಿಪೊಟ್ಟಣವನ್ನೂ ನನ್ನ ನೊಣಗಳನ್ನೂ ಚೀಲಕ್ಕೆ ಹಾಕಿಕೊಂಡು, ಇನ್ನೂ ಒಳ್ಳೆಯ ರೇಷ್ಮೆ ತರುತ್ತೇನೆಂದು ಮೊಳಕಾಲ್ಮುರಿನ ಅಣ್ಣನ ಮನೆಗೆ ಬಸ್ಸು ಹತ್ತಿದೆ.

ಅಣ್ಣನ ಹೆಂಡತಿಯನ್ನು ನಾವು ವದಿನ ಎನ್ನುತ್ತೇವೆ. ನಮ್ಮ ವದಿನ ಈಗಲೂ ಮಗ್ಗಕ್ಕೆ ಕೂರುತ್ತಾಳೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಬುಟ್ಟಾ ಸೀರೆ ನೇಯುತ್ತಿದ್ದಳು. ನನ್ನ ನೊಣ ಕೈಗೆ ತೆಗೆದುಕೊಂಡು ಆಚೆ ಈಚೆ ತಿರುಗಿಸಿ, “ಇದಿ ಚೇಪಕಾ, ಪೆಳ್ಳಿಕೂತುರಿಕಾ?” ಎಂದಳು. ಇದು ಮೀನಿಗೋ, ಮದುಮಗಳಿಗೋ ಎಂದು. ನಗುವಿಗೆ ಮಗ್ಗವೇ ಅಲುಗಾಡಿತು. ನನಗೆ ಒಳಗೊಳಗೇ ಸಿಟ್ಟು ಬಂತು. ತವರು ಮನೆಯಲ್ಲಿ ಅವಮಾನವಾದರೆ ಹೇಳಿಕೊಳ್ಳಲೂ ಆಗುವುದಿಲ್ಲ.

ನಗು ಮುಗಿಸಿ ಅವಳು ಪಕ್ಕದ ಕನ್ನಡಿ ತೆಗೆದುಕೊಂಡು ಬಗ್ಗಿ ಬಟ್ಟೆಯ ಅಡಿಗೆ ಹಿಡಿದಳು. ನಮ್ಮ ಮನೆಯಲ್ಲಿ ಬುಟ್ಟಾ ಸೀರೆಯನ್ನು ಮೊದಲಿನಿಂದಲೂ ಮೋರೆ ಕೆಳಗೆ ಮಾಡಿಯೇ ನೇಯುವುದು. ಕೂತವರಿಗೆ ಕಾಣುವುದು ಸೀರೆಯ ಬೆನ್ನು. ದಾರದ ತುದಿ, ಗಂಟು ಎಲ್ಲ ಮೇಲೆ. ನಿಜವಾದ ಹೂವು, ನವಿಲು ಎಲ್ಲ ಕೆಳಗಡೆ ಅರಳುತ್ತಿರುತ್ತವೆ. ಸರಿಯಾಗಿ ಬಂದಿದೆಯೇ ಎಂದು ನೋಡಲು ಅಡಿಗೆ ಕನ್ನಡಿ ಹಿಡಿಯಬೇಕು. ಚಿಕ್ಕವಳಿದ್ದಾಗ ನಾನು ಜಡೆ ಹಾಕಿಕೊಳ್ಳಲು ಆ ಕನ್ನಡಿ ಎತ್ತಿಕೊಂಡು ಹೋಗಿ ನಾಯನ ಕೈಯಿಂದ, ಅಂದರೆ ಅಪ್ಪನ ಕೈಯಿಂದ, ಎಷ್ಟು ಸಲ ಬೈಸಿಕೊಂಡಿದ್ದೇನೋ. ಅವತ್ತು ವದಿನ ಬಗ್ಗಿ ಕನ್ನಡಿ ನೋಡುವಾಗ ನನಗೆ ಥಟ್ಟನೆ ಹೊಳೆಯಿತು. ಮೀನು ಇರುವುದು ನೀರಿನ ಕೆಳಗೆ. ಅದು ನೋಡುವುದು ಹುಳದ ಹೊಟ್ಟೆಯನ್ನು. ನಾನು ಇಷ್ಟು ದಿನ ಬೆನ್ನಿಗೆ ಸಿಂಗಾರ ಮಾಡುತ್ತಿದ್ದೆ!

“ವದಿನಾ, ಆ ಅದ್ದಂ ಇಲಾ ಇಯ್ಯಿ” ಎಂದು ಕನ್ನಡಿ ಕಿತ್ತುಕೊಂಡೆ. ಗಾಜಿನ ಬಟ್ಟಲಿಗೆ ನೀರು ತುಂಬಿ, ಅಂಗಳದಲ್ಲಿ ಎರಡು ಡಬ್ಬಗಳ ಮೇಲಿಟ್ಟು, ಬೆಂಕಿಪೊಟ್ಟಣದ ಹುಳವನ್ನೂ ನನ್ನ ನೊಣವನ್ನೂ ಅಕ್ಕಪಕ್ಕ ತೇಲಿಬಿಟ್ಟು, ಅಡಿಗೆ ಕನ್ನಡಿ ಹಿಡಿದೆ. ನಾನೂ ಅವಳೂ ಕೆನ್ನೆಗೆ ಕೆನ್ನೆ ತಾಗಿಸಿ ಬಗ್ಗಿ ನೋಡಿದೆವು. ನಿಜವಾದ ಹುಳ ಬೆಳಕಿನಲ್ಲಿ ಇದೆಯೋ ಇಲ್ಲವೋ ಎಂಬಂತಿತ್ತು. ರೆಕ್ಕೆಯಲ್ಲಿ ಆಕಾಶ ಕಾಣುತ್ತಿತ್ತು, ಕಾಲು ತಾಗಿದ ಕಡೆ ನೀರು ಸಣ್ಣಗೆ ಕುಳಿಬಿದ್ದಿತ್ತು. ಪಕ್ಕದಲ್ಲಿ ನನ್ನದು ದಪ್ಪನೆಯ ಕರಿಯ ಮುದ್ದೆ. ಜರಿಯೂ ಕಪ್ಪು, ನವಿಲುಬಣ್ಣವೂ ಕಪ್ಪು. ಮೀನಿನ ಜಾಗದಲ್ಲಿ ನಾನಿದ್ದರೆ ದೂರ ಓಡುತ್ತಿದ್ದೆ.

ಅಲ್ಲಿಂದ ಮುಂದೆ ಕೈ ಬಿಗಿಹಿಡಿದೆ. ರೇಷ್ಮೆ ಒಂದೇ ಎಳೆ. ಜರಿ ಇಲ್ಲ, ಅಂಚಿಲ್ಲ. ಕಂಬಳಿ ನೇಯುವವರ ಮನೆಯಿಂದ ತಂದ ಕುರಿಮರಿಯ ಉಣ್ಣೆಯನ್ನು ಮೈಗೆ ಮಂಜಿನಷ್ಟು ತೆಳ್ಳಗೆ ಸುತ್ತಿದೆ. ತೊಳೆಯದ ಉಣ್ಣೆಯಲ್ಲಿ ಅದರದೇ ಜಿಡ್ಡು ಇರುತ್ತದೆ, ಕಡಲೆಕಾಯಿ ಎಣ್ಣೆಯೂ ಬೇಕಾಗಲಿಲ್ಲ. ಕಟ್ಟಿದ್ದು ನೋಡಲು ಏನೇನೂ ಚೆನ್ನಾಗಿರಲಿಲ್ಲ. ಆದರೆ ಕನ್ನಡಿಯಲ್ಲಿ ಹುಳಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಮುಂದಿನ ಭಾನುವಾರ ಇಬ್ಬರೂ ಗೆಂಡೆ ಹಿಡಿದುಕೊಂಡೇ ಬಂದರು. ಬಾಷಾನ ಮನೆಗೆ ಅರ್ಧ, ನಮಗೆ ಅರ್ಧ. ನಾನು ತಿನ್ನುವವಳಾದ್ದರಿಂದ ಹೇಳುತ್ತೇನೆ, ಸ್ವಂತ ಕಟ್ಟಿದ ಹುಳಕ್ಕೆ ಬಿದ್ದ ಮೀನಿನ ಸಾರಿಗೆ ರುಚಿ ಹೆಚ್ಚು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿ ಕುಚ್ಚು ಕಟ್ಟಿಕೊಂಡು ಇರುತ್ತಿದ್ದೆ. ಒಂದು ಮಧ್ಯಾಹ್ನ ಯಜಮಾನರು ನಿದ್ದೆ ಹೋಗಿದ್ದಾಗ ಬಾಷಾ ಬಂದು ಬಾಗಿಲಲ್ಲೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

“ಭಾಭಿ, ಒಂದು ಮಾತು ಹೇಳ್ತೀನಿ, ಅಣ್ಣಂಗೆ ಹೇಳಬ್ಯಾಡ್ರಿ. ನೀವು ಈಗ ಕಟ್ಟೋ ನೊಣ ಅಣ್ಣಂಗೆ ಕಾಣಲ್ಲ.”

“ಮತ್ತೆ ಮೀನು ಹಿಡೀತಾರಲ್ಲ ಬಾಷಾ?”

“ಮೀನು ಬಾಯಿ ಹಾಕಿದಾಗ ನಾನು ‘ಎಳೀರಿ’ ಅಂತೀನಿ, ಅವ್ರು ಎಳೀತಾರೆ. ಮೊದ್ಲು ಮೊದ್ಲು ತಮಾಷೆಯಾಗಿತ್ತು. ಹೋದ ವಾರ ಕಡ್ಡಿ ನನ್ನ ಕೈಗೆ ಕೊಟ್ಟು, ‘ಹಿಡಿಯೋನು ನೀನು, ನಾನು ಬರೀ ಕಡ್ಡಿ ಕಟ್ಟಿದ ಗೂಟ. ಇನ್ಮೇಲೆ ನೀನೊಬ್ಬನೇ ಬಾ’ ಅಂದ್ರು.”

ಮೀನಿನ ಕಣ್ಣಿಗೆ ಸರಿಹೋಗಲೆಂದು ನಾನು ನೊಣವನ್ನು ಎಷ್ಟು ತೆಳ್ಳಗೆ ಮಾಡಿದ್ದೆನೋ ಅಷ್ಟೇ ಅದು ಅವರ ಕಣ್ಣಿನಿಂದ ಮರೆಯಾಗಿತ್ತು. ಜರಿ ಸುತ್ತಿದ ಆ ಮದುಮಗಳನ್ನಾದರೂ ಅವರು ಹೊಳಪಿನಿಂದ ಗುರುತಿಸುತ್ತಿದ್ದರೋ ಏನೋ. ಅವತ್ತು ರಾತ್ರಿಯ ಊಟದಲ್ಲಿ, ಈ ಭಾನುವಾರ ಹೋಗುವುದಿಲ್ಲವೇ ಎಂದು ಸುಮ್ಮನೆ ಕೇಳಿದೆ. “ಸಾಕು ಬಿಡು” ಎಂದರು. ತಟ್ಟೆಯಲ್ಲಿ ಕೈ ತೊಳೆದು ಗೋಡೆಯ ಕಡೆ ತಿರುಗಿದರು.

ಮಾರನೆಯ ದಿನ ನಾನು ಗಿರಾಕಿಗಳ ಸೀರೆಯನ್ನೆಲ್ಲ ಪಕ್ಕಕ್ಕಿಟ್ಟೆ. ಮೋರೆ ಕೆಳಗಿರುವ ಸೀರೆಯಲ್ಲಿ ಬೆನ್ನಿಗೆ ಏನು ಮಾಡಿದರೂ ಮೋರೆಗೆ ಗೊತ್ತಾಗುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಬಲ್ಲ ವಿಷಯ. ನೊಣದ ಹೊಟ್ಟೆ ಮೀನಿನದು, ಅದನ್ನು ಮುಟ್ಟುವ ಹಾಗಿಲ್ಲ. ಬೆನ್ನು ನಮ್ಮದಲ್ಲವೇ? ಬೆನ್ನಿನ ನಡುವೆ ನೆಟ್ಟಗೆ ನಿಲ್ಲುವಂತೆ ರೇಷ್ಮೆಯ ಸಣ್ಣ ಗೊಂಡೆ ಕಟ್ಟಿದೆ. ಮೊದಲು ಕೆಂಪು. ಅಂಗಳದ ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು, ನೆಪ ಮಾಡಿ ಯಜಮಾನರನ್ನು ಅಲ್ಲಿಗೆ ಕರೆಯುತ್ತಿದ್ದೆ. ತೊಟ್ಟಿ ಪಾಚಿ ಕಟ್ಟಿದೆಯಾ ನೋಡ್ರಿ, ಬಕೆಟ್ಟು ಎತ್ತಿಕೊಡ್ರಿ ಎಂದು. ಕೆಂಪು ಅವರ ಕಣ್ಣಿಗೆ ಬೀಳಲಿಲ್ಲ. ಗುಲಾಬಿಯೂ ಬೀಳಲಿಲ್ಲ. ಹಳದಿ ನೀರಿನ ಹೊಳಪಿನಲ್ಲಿ ಕಳೆದುಹೋಯಿತು. ಕನಕಾಂಬರ ಬಣ್ಣದ್ದನ್ನು ಬಿಟ್ಟ ದಿನ ಬಕೆಟ್ಟಿಗೆ ಬಗ್ಗಿದವರು ತಲೆಯನ್ನು ಸ್ವಲ್ಪ ಓರೆ ಮಾಡಿ, “ಇದೇನೇ, ತೊಟ್ಟಿಯಾಗೆ ಹೂ ಬಿದ್ದೈತೆ” ಎಂದರು. ನಾನು ಬಾಯಿಗೆ ಸೆರಗು ಇಟ್ಟುಕೊಂಡು ಒಳಗೆ ಓಡಿದೆ.

ಆ ಭಾನುವಾರ ನಾನೂ ಹೊರಟೆ. ಹುಳ ಹಿಡಿಯಬೇಕು, ಬಾಷಾ ತರುವುದೆಲ್ಲ ಕಾಲು ಮುರಿದವು ಎಂದು ಜಗಳ ತೆಗೆದೆ. ನನ್ನ ಬಾಯಿಗೆ ಹೆದರಿ ಯಜಮಾನರೂ ಎದ್ದರು. ಚಿತ್ತೆ ಮಳೆ ಬಿದ್ದು ಎರಡು ದಿನವಾಗಿತ್ತು. ಹೊತ್ತು ಇಳಿಯುವಾಗ ಬ್ಯಾರೇಜಿನ ನೀರಿನ ಮೇಲೆ ಬೂದು ಹುಳಗಳು ಏಳತೊಡಗಿದವು. ಗೆಂಡೆಗಳು ಅಲ್ಲಲ್ಲಿ ಬಾಯಿ ತೆರೆದು ಮುಚ್ಚುವ ಸದ್ದು ಕೇಳುತ್ತಿತ್ತು. ನೊಣವನ್ನು ನಾನೇ ದಾರಕ್ಕೆ ಕಟ್ಟಿದೆ. ಅದರ ಬೆನ್ನಿನ ವಿಷಯ ಏನೂ ಹೇಳಲಿಲ್ಲ. ಬಾಷಾಗೆ ಮಾತ್ರ, ಇವತ್ತು ನೀನು ಬಾಯಿ ಬಿಟ್ಟರೆ ನೋಡು ಎಂದು ಸನ್ನೆ ಮಾಡಿದೆ.

ಯಜಮಾನರು ಮನಸ್ಸಿಲ್ಲದೆ ಕಡ್ಡಿ ಬೀಸಿದರು. ದಾರ ಹೋಗಿ ಬಿತ್ತು. ಬಾ ಎಂದು ಕರೆದಿದ್ದೀರಿ, ಬಂದಿದ್ದೇನೆ, ಅಷ್ಟೇ ಎನ್ನುವ ಮುಖ. ಬಾಷಾ ಪಕ್ಕದಲ್ಲಿ ನಿಂತು ನೊಣವನ್ನೇ ನೋಡುತ್ತಿದ್ದ. ಅಭ್ಯಾಸಬಲ, ತಡೆಯಲಾರದೆ ಬಾಯಿ ತೆರೆದ.

“ಸುಮ್ಕಿರಲೇ ಬಾಷಾ” ಎಂದರು ಯಜಮಾನರು.

ತಲೆಯನ್ನು ಓರೆ ಮಾಡಿದ್ದರು. ಕತ್ತಿನ ನರ ಬಿಗಿದಿತ್ತು. “ಅಗೋ... ಅಲ್ಲೈತೆ. ಕಲ್ಲಿನ ಬಲಗಡೆ ಹೊಂಟೈತೆ. ಸುಮ್ಕಿರು, ನೀನೇನೂ ಹೇಳಬ್ಯಾಡ.”

ಬಾಷಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ನೀರಿನ ಮೇಲಿನ ಕನಕಾಂಬರ ಮೆಲ್ಲಗೆ ಸಾಗಿತು. ಒಂದು ಸುತ್ತು ತಿರುಗಿತು. ನಾನು ಎಲ್ಲ ದೇವರಿಗೂ ಕೈಮುಗಿದೆ. ಮೀನಿಗೂ ಮುಗಿದೆ. ಗುಳುಕ್ ಎಂದು ಅದು ಮುಳುಗಿದ್ದೂ ಯಜಮಾನರು ಕಡ್ಡಿ ಎತ್ತಿದ್ದೂ ಒಟ್ಟಿಗೇ ಆಯಿತು. ಯಾರೂ ಎಳೀರಿ ಎನ್ನಲಿಲ್ಲ. ಕಡ್ಡಿ ಬಾಗಿತು, ದಾರ ನೀರನ್ನು ಸೀಳಿಕೊಂಡು ಆಚೆ ದಡದ ಕಡೆ ಓಡಿತು. ಬಾಷಾ ಕುಣಿಯುತ್ತಿದ್ದ. ಆಮೇಲೆ ಕಡ್ಡಿ ನೆಟ್ಟಗಾಯಿತು, ದಾರ ಸಡಿಲವಾಗಿ ತೇಲಿತು. ಮೀನು ನನ್ನ ನೊಣವನ್ನು ಕಿತ್ತುಕೊಂಡು ಹೋಗಿತ್ತು.

“ಛೆ ಛೆ, ದೊಡ್ಡದಿತ್ತು ಅಣ್ಣ!” ಎಂದ ಬಾಷಾ.

“ಹೋಗ್ಲಿ ಬಿಡಲೇ. ಮುಳುಗಿದ್ದು ನಾನೇ ನೋಡ್ದೆ” ಎಂದರು ಯಜಮಾನರು. ಉಸಿರು ಏರಿತ್ತು. ಇನ್ನೊಂದು ಸಲ, ಯಾರಿಗೂ ಅಲ್ಲದೆ, “ನಾನೇ ನೋಡ್ದೆ” ಎಂದರು. ಆಮೇಲೆ ನನ್ನ ಕಡೆ ಅಂಗೈ ಚಾಚಿ, “ಇನ್ನೊಂದು ಐತೇನೇ? ಬೇಗ ಕಟ್ಟಿಕೊಡು, ಹೊತ್ತು ಮುಳುಗ್ತೈತೆ” ಎಂದರು.

ಇನ್ನೊಂದು ಇತ್ತು. ಸೆರಗಿಗೆ ಚುಚ್ಚಿಕೊಂಡು ಬಂದಿದ್ದೆ. ಬಿಚ್ಚಿಕೊಂಡು, ದಾರದ ತುದಿಯನ್ನು ಬೆರಳಲ್ಲಿ ಹಿಡಿದು ಮುಳ್ಳಿನ ಕಣ್ಣಿಗೆ ಪೋಣಿಸಲು ಹೋದೆ. ಪ್ರತಿ ಸಲವೂ ತಪ್ಪಿತು. ಜನ್ಮವೆಲ್ಲ ಇದೇ ಕೆಲಸ ಮಾಡಿದ ಕೈ. ಆದರೆ ಕಣ್ಣು ತುಂಬಿಬಂದು ನನಗೇ ದಾರ ಕಾಣುತ್ತಿರಲಿಲ್ಲ. ಬಾಷಾ ನನ್ನ ಮುಖ ನೋಡಿ, ದಾರವನ್ನೂ ನೊಣವನ್ನೂ ತೆಗೆದುಕೊಂಡು, ತಿರುಗಿ ನಿಂತು ಗಂಟು ಹಾಕಿಕೊಟ್ಟ.